ರ‍್ಯಾಮ್ ಹೋಯ್ತು ಅಂತ ಯಾರಂದ್ರು? – ಓದುಗರ ಕಂಪ್ಯೂಟರ್ ಪ್ರಶ್ನೋತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಮೆಮೊರಿದೇ, ಅಂದ್ರೆ ರ‍್ಯಾಮ್‌ದು (ಕಂಪ್ಯೂಟರ್ ಓಡೋವಾಗ ಕೈಯಲ್ಲಿರೋ ಕೆಲಸ ಇಟ್ಕೊಳ್ಳೋ ಜಾಗ). ಮಳೆಗಾಲ ಮುಗಿದ ಮೇಲೆ ಇದು ಸ್ವಲ್ಪ ಜಾಸ್ತಿ ಆಗೋದು ಇದ್ದಿದ್ದೇ, ಜೊತೆಗೆ 2025ರ ಕೊನೆಯಲ್ಲಿ ರ‍್ಯಾಮ್ ರೇಟು ಒಂದೇ ಸಮ ಏರಿತು ನೋಡಿ (ಚಿಪ್ ಮಾಡೋ ಕಂಪನಿಗಳೆಲ್ಲ ಎಐ ಡೇಟಾ ಸೆಂಟರ್ ಕಡೆ ತಿರುಗಿ ಕೂತಿವೆ), ಹಾಗಾಗಿ ಜನಕ್ಕೆ ಹೊಸದು ತಗೊಳ್ಳೋಕೆ ಕೈ ಬರ್ತಿಲ್ಲ, ಇರೋದನ್ನೇ ಸರಿ ಮಾಡ್ಕೊಳ್ಳೋಣ ಅಂತಿದ್ದಾರೆ. ಒಳ್ಳೇದೇ ಆಯ್ತು. ಯಾಕಂದ್ರೆ "ರ‍್ಯಾಮ್ ಹೋಗಿದೆ" ಅಂತ ಬರೋ ಕಂಪ್ಲೇಂಟ್‌ಗಳಲ್ಲಿ ಸ್ಟಿಕ್ (ರ‍್ಯಾಮ್ ಚಿಪ್‌ಗಳು ಕೂತಿರೋ ಪಟ್ಟಿ) ನಿಜವಾಗ್ಲೂ ಸತ್ತಿರೋದು ಕಮ್ಮಿ. ಒಂದೋ ಸರಿಯಾಗಿ ಕೂತಿರಲ್ಲ, ಇಲ್ಲಾ ಸೆಟ್ಟಿಂಗ್ ಯಾರೋ ಎಳೆದಾಡಿರ್ತಾರೆ, ಇಲ್ಲಾ ತಪ್ಪು ಬೇರೆ ಯಾರದ್ದೋ ಆಗಿದ್ದು ಬೈಗುಳ ರ‍್ಯಾಮ್‌ಗೆ ಬಿದ್ದಿರತ್ತೆ.

ಪ್ರಶ್ನೆ: ಮಾರಾಯ್ರೆ, ನಾನು ಡೊಂಬಿವಲಿ ಈಸ್ಟ್‌ನಲ್ಲಿ ಮನೆಯಿಂದಲೇ ನಾಲ್ಕೈದು ಹೋಟೆಲಿನ ಅಕೌಂಟ್ಸ್ ನೋಡ್ಕೊಳ್ತೇನೆ. ಕಂಪ್ಯೂಟರ್ ಸ್ಲೋ ಅಂತ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಇನ್ನೊಂದು 8 ಜಿಬಿ ರ‍್ಯಾಮ್ ತಂದು ಹಾಕಿದೆ. ಹಳೇದು ಡಿಡಿಆರ್4, ಸ್ಪೀಡ್ 2666, ಹೊಸದು 3200 ಅಂತ ಬರೆದುಂಟು. ಪಕ್ಕದ ಬಿಲ್ಡಿಂಗಿನ ಹುಡುಗ ಬಂದು "ಅಂಕಲ್ ಸ್ಪೀಡ್ ಆನ್ ಮಾಡ್ತೇನೆ" ಅಂತ ಬಯಾಸ್‌ನಲ್ಲಿ (ವಿಂಡೋಸ್ ಬರುವ ಮೊದಲಿನ ಸೆಟ್ಟಿಂಗ್ ಪರದೆ) ಎಂಥದೋ ಮಾಡಿ ಹೋದ. ಎರಡು ದಿನ ಚೆನ್ನಾಗಿತ್ತು. ಈಗ ಜಿಎಸ್‌ಟಿ ರಿಟರ್ನ್ ಹಾಕುವಾಗಲೇ ನೀಲಿ ಪರದೆ, "ಮೆಮೊರಿ ಮ್ಯಾನೇಜ್‌ಮೆಂಟ್" ಅಂತ. ರಿಪೇರಿಯವ ಎರಡೂ ಹೋಗಿದೆ, ಹೊಸ ಜೋಡಿ ಹಾಕಿ ಅಂತಾನೆ. ಹೌದಾ?

ಉತ್ತರ: ಎರಡೂ ಒಟ್ಟಿಗೆ ಹೋಗೋದಾ, ಅದೂ ಒಂದು ಹೊಸದು? ನಂಬೋಕೆ ಕಷ್ಟ ಮಾರಾಯ್ರೆ. ನಿಮ್ಮ ಕಾಗದದಲ್ಲೇ ಕಳ್ಳ ಸಿಕ್ಕಿದ್ದಾನೆ ಅನ್ಸತ್ತೆ, ಆ ಹುಡುಗ ಆನ್ ಮಾಡಿದ "ಸ್ಪೀಡ್". ಅದರ ಹೆಸರು ಎಕ್ಸ್‌ಎಂಪಿ. ಇಂಟೆಲ್ ಬೋರ್ಡ್‌ಗಳಲ್ಲಿ ಹಾಗೆ ಇರತ್ತೆ, ಎಎಂಡಿ ಇರೋ ಆಸುಸ್ ಬೋರ್ಡಲ್ಲಿ ಡಿಓಸಿಪಿ ಅಂತ, ಹೊಸ ಡಿಡಿಆರ್5ರ (ಡಿಡಿಆರ್ ಆದ್ಮೇಲಿನ ಅಂಕಿ ಅದು ಎಷ್ಟನೇ ತಲೆಮಾರು ಅಂತ) ಎಎಂಡಿ ಕಡೆ ಎಕ್ಸ್‌ಪೋ ಅಂತ. ಹೆಸರು ಏನೇ ಇರ್ಲಿ ಕೆಲಸ ಒಂದೇ: ಸ್ಟಿಕ್ ಒಳಗಿರೋ ಪುಟ್ಟ ಚಿಪ್‌ನಲ್ಲಿ ಕಂಪನಿಯವರು ಬರೆದಿಟ್ಟಿರೋ ಜಾಸ್ತಿ ಸ್ಪೀಡು, ಟೈಮಿಂಗು, ವೋಲ್ಟೇಜು ಓದಿ ಹಾಕೋದು. ಡಿಡಿಆರ್4ರ ಮಾಮೂಲಿ ವೋಲ್ಟೇಜ್ 1.2, ಎಕ್ಸ್‌ಎಂಪಿ ಹಾಕಿದ್ರೆ ಹೆಚ್ಚಾಗಿ 1.35ಕ್ಕೆ ಹೋಗತ್ತೆ. ಒಂದೇ ಜೋಡಿಯಾಗಿ ತಗೊಂಡ ಸ್ಟಿಕ್‌ಗಳಿಗೆ ಇದು ಸರಿ, ಅದಕ್ಕೇ ಟೆಸ್ಟ್ ಮಾಡಿ ಮಾರಿರ್ತಾರೆ. ನಿಮ್ಮ ಹಾಗೆ ಒಂದೂರಿನದೊಂದು ಇನ್ನೊಂದೂರಿನದೊಂದು ಹಾಕಿದಾಗ ಬಯಾಸ್ ಹೊಸ ಸ್ಟಿಕ್‌ನ 3200 ನೋಡ್ಕೊಂಡು ಎರಡಕ್ಕೂ ಅದನ್ನೇ ಹೇರಿರೋ ಸಾಧ್ಯತೆ ಇದೆ, ಪಾಪ 2666ರದ್ದು ಓಡೋಕಾಗದೆ ಎಲ್ಲೋ ಒಂದು ಬಿಟ್ ತಪ್ಪಿಸತ್ತೆ, ವಿಂಡೋಸ್ ಕೈ ಎತ್ತತ್ತೆ. ಜೋಡೆತ್ತಿನ ಗಾಡಿ ಇದು, ನಿಧಾನದ ಎತ್ತಿನ ಲೆಕ್ಕಕ್ಕೇ ಹೊಡೀಬೇಕು. ಸೆಟ್ಟಿಂಗ್ ಆಟೋದಲ್ಲಿ ಬಿಟ್ರೆ ಬಯಾಸ್ ತಾನಾಗೇ ಎರಡನ್ನೂ 2666ರಲ್ಲಿ ನಡೆಸ್ಕೊಂಡು ಹೋಗತ್ತೆ.

ಹಾಗಾಗಿ ಮೊದಲು ಬಯಾಸ್‌ಗೆ ಹೋಗಿ (ಆನ್ ಮಾಡಿದ ಕೂಡ್ಲೇ ಡಿಲೀಟ್ ಕೀ ಇಲ್ಲಾ ಎಫ್2 ಒತ್ತುತ್ತಾ ಇರಿ) ಎಕ್ಸ್‌ಎಂಪಿ ಡಿಸೇಬಲ್ ಮಾಡಿ, ಎಫ್10 ಒತ್ತಿ ಸೇವ್ ಮಾಡಿ ಬನ್ನಿ. ಒಂದು ಎಚ್ಚರಿಕೆ, ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಹಾಕೋ ಬೀಗ) ಆನ್ ಇದ್ರೆ ಬಯಾಸ್ ಮುಟ್ಟಿದ ಮೇಲೆ ರಿಕವರಿ ಕೀ ಕೇಳಬಹುದು, ಅದನ್ನ ಮೊದಲೇ ಹುಡುಕಿ ಕಾಗದದ ಮೇಲೆ ಬರೆದಿಟ್ಕೊಳ್ಳಿ, ಆಮೇಲೆ ಬಾಯ್ ಬಡ್ಕೊಂಡ್ರೆ ಆಗಲ್ಲ. ಕ್ಯಾಬಿನೆಟ್ ಬಿಚ್ಚಿದ್ರೆ ಸ್ಲಾಟೂ ನೋಡಿ. ನಾಲ್ಕು ಸ್ಲಾಟಿನ ಬೋರ್ಡ್ ಆದ್ರೆ ಎರಡು ಸ್ಟಿಕ್ಕು ಹೆಚ್ಚಾಗಿ ಪ್ರೊಸೆಸರ್ ಕಡೆಯಿಂದ ಎರಡನೇದು ಮತ್ತು ನಾಲ್ಕನೇದರಲ್ಲಿ ಇರಬೇಕು, ಬೋರ್ಡ್ ಮೇಲೆ ಎ2, ಬಿ2 ಅಂತ ಸಣ್ಣಕ್ಷರದಲ್ಲಿ ಬರೆದಿರತ್ತೆ. ಅಂಗಡಿಯವರು ಅವಸರಕ್ಕೆ ಪಕ್ಕಪಕ್ಕದಲ್ಲೇ ತುರುಕಿ ಕಳಿಸೋದು ನೋಡಿದೀನಿ, ಹಾಗೆ ಹಾಕಿದ್ರೆ ಡ್ಯುಯಲ್ ಚಾನೆಲ್ (ಎರಡು ಸ್ಟಿಕ್ಕಿಗೂ ಬೇರೆ ಬೇರೆ ದಾರಿ) ಸಿಗಲ್ಲ, ದುಡ್ಡು ಕೊಟ್ಟು ಅರ್ಧ ದಾರಿ ಬಂದ್ ಮಾಡ್ಕೊಂಡ ಹಾಗೆ.

ಇಷ್ಟು ಮಾಡಿ ಎರಡು ಮೂರು ದಿನ ಸುಮ್ನಿದ್ರೆ ಅಲ್ಲಿಗೆ ಮುಗೀತು. ಮತ್ತೆ ನೀಲಿ ಬಂದ್ರೆ ಆಗ ಸ್ಟಿಕ್ ಪರೀಕ್ಷೆ. ವಿಂಡೋಸ್‌ನಲ್ಲೇ ಒಂದಿದೆ, ಸ್ಟಾರ್ಟ್‌ನಲ್ಲಿ "ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್" ಅಂತ ಹುಡುಕಿದ್ರೆ ಸಿಗತ್ತೆ, ಆದ್ರೆ ಅದು ಮೇಲಿಂದ ಮೇಲೆ ನೋಡಿ ಬಿಡತ್ತೆ. ಅದು ಎರರ್ ತೋರಿಸಿದ್ರೆ ನಂಬಿ, ಏನಿಲ್ಲ ಅಂದ್ರೆ ಪೂರ್ತಿ ನಂಬಬೇಡಿ. ನನ್ನ ಪ್ರಕಾರ ಮೆಮ್‌ಟೆಸ್ಟ್86 ಪೆನ್‌ಡ್ರೈವ್‌ಗೆ ಹಾಕ್ಕೊಂಡು ಅದರಿಂದ ಬೂಟ್ ಮಾಡೋದೇ ಸರಿ, ಫ್ರೀ ವರ್ಷನ್ ನಾಲ್ಕು ಸುತ್ತು ಓಡತ್ತೆ, ಅದು ಸಾಕು. (ಕೊನೆಗೆ ಪ್ಲಸ್ ಚಿಹ್ನೆ ಇರೋ ಮೆಮ್‌ಟೆಸ್ಟ್86+ ಬೇರೆ, ಅದು ಓಪನ್ ಸೋರ್ಸ್, ಅದೂ ಒಳ್ಳೇದೇ.) ರಾತ್ರಿ ಊಟ ಮಾಡಿ ಹಚ್ಚಿಟ್ಟು ಮಲಗಿ, ಬೆಳಿಗ್ಗೆ ನೋಡಿ. ಕೆಂಪು ಸಾಲು ಒಂದೇ ಒಂದು ಬಂದಿದ್ರೂ ಅದು ಫೇಲೇ, "ಒಂದೇ ತಾನೆ, ನಡಿಯತ್ತೆ" ಅನ್ನೋದು ಇದರಲ್ಲಿ ಇಲ್ಲ.

ಎರರ್ ಬಂತು ಅಂದ್ರೂ ಸ್ಟಿಕ್ ಎಸೀಬೇಡಿ. ಒಂದನ್ನ ತೆಗೆದಿಟ್ಟು ಇನ್ನೊಂದನ್ನ ಎ2ನಲ್ಲಿ ಒಂಟಿಯಾಗಿ ಹಾಕಿ ಓಡಿಸಿ, ಆಮೇಲೆ ಅದೇ ಸ್ಲಾಟಿಗೆ ಎರಡನೇದನ್ನ. ಒಂದೇ ಸ್ಟಿಕ್ಕಲ್ಲಿ ಎರರ್ ಬಂದ್ರೆ ಸ್ಟಿಕ್ ಹೋಗಿದೆ. ಎರಡರಲ್ಲೂ ಬಂದ್ರೆ ಅನುಮಾನ ಸ್ಲಾಟ್ ಮೇಲೆ, ಬೋರ್ಡ್ ಮೇಲೆ, ಪ್ರೊಸೆಸರ್ ಮೇಲೆ. ಆಗ ಬೇರೆ ಸ್ಲಾಟಿಗೆ ಹಾಕಿ ನೋಡಬೇಕು. ಎರಡೂ ಒಂಟಿಯಾಗಿ ಪಾಸ್, ಒಟ್ಟಿಗೆ ಹಾಕಿದ್ರೆ ಫೇಲ್ ಅಂದ್ರೆ ಜಾತಕ ಕೂಡಿಲ್ಲ ಅಷ್ಟೆ, ಹೊಸದನ್ನ ವಾಪಸ್ ಕೊಟ್ಟು ಹಳೇದಕ್ಕೆ ಹೊಂದೋದನ್ನ ಕೇಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಸ್ಲಾಟು ಸ್ಟಿಕ್ಕು ಸೆಟ್ಟಿಂಗು ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಸರಿ ಹೋದ್ರೂ ಯಾವುದರಿಂದ ಅಂತ ಗೊತ್ತಾಗಲ್ಲ. ಇನ್ನು ಮೆಮ್‌ಟೆಸ್ಟ್ ರಾತ್ರಿಯೆಲ್ಲಾ ಪಾಸಾಗಿ ನೀಲಿ ಪರದೆ ಮಾತ್ರ ಬರ್ತಾನೇ ಇದ್ರೆ ರ‍್ಯಾಮ್ ಬಿಟ್ಟು ಡ್ರೈವರ್, ಎಸ್‌ಎಸ್‌ಡಿ ಕಡೆ ನೋಡಿ. "ಮೆಮೊರಿ ಮ್ಯಾನೇಜ್‌ಮೆಂಟ್" ಅಂತ ಬಂದ ಮಾತ್ರಕ್ಕೆ ಅದು ರ‍್ಯಾಮೇ ಆಗಬೇಕಂತಿಲ್ಲ, ಕೆಟ್ಟ ಡ್ರೈವರ್ರೂ ಅದೇ ಪರದೆ ತೋರಿಸತ್ತೆ.

ಲೆಕ್ಕಪತ್ರದವರಾದ್ದರಿಂದ ಇನ್ನೊಂದು ಮಾತು, ಇದನ್ನ ಯಾರೂ ಹೇಳಲ್ಲ. ರ‍್ಯಾಮ್ ತಪ್ಪು ಮಾಡ್ತಿರೋವಾಗ ತಗೊಂಡ ಬ್ಯಾಕಪ್ ಕೂಡ ತಪ್ಪಿರಬಹುದು, ಯಾಕಂದ್ರೆ ಫೈಲ್ ಕಾಪಿ ಆಗೋದೂ ರ‍್ಯಾಮ್ ಮೂಲಕವೇ. ಹಾಗಾಗಿ ಎಕ್ಸ್‌ಎಂಪಿ ಹಾಕೋ ಮೊದಲಿನ ಹಳೇ ಬ್ಯಾಕಪ್ ಇದ್ರೆ ಅದರ ಮೇಲೆ ಹೊಸದನ್ನ ಬರೀಬೇಡಿ, ಬೇರೆ ಫೋಲ್ಡರ್‌ಗೆ ಹಾಕಿ. ಎಲ್ಲಾ ಸರಿ ಹೋದ ಮೇಲೆ ಆ ದಿನಗಳಲ್ಲಿ ಹಾಕಿದ ಎಂಟ್ರಿಗಳನ್ನ ಒಂದ್ಸಲ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿ.

ಪ್ರಶ್ನೆ: ನಮಸ್ಕಾರ್ರೀ ಸರ. ವಾಸ್ಕೋದಾಗ ನಂದೊಂದು ಝೆರಾಕ್ಸ್ ಅಂಗಡಿ ಐತ್ರಿ. ಮಳಿಗಾಲದಾಗ ಊರಿಗೆ ಹೋಗಿದ್ವಿ, ಒಂದ್ ತಿಂಗಳ ಅಂಗಡಿ ಬಂದ್ ಇತ್ತು. ಬಂದು ಹಚ್ಚಿದ್ರ ಕಂಪ್ಯೂಟರ್ ಫ್ಯಾನ್ ತಿರಗತೈತಿ, ಮಾನಿಟರ್ ಮ್ಯಾಲ ಏನೂ ಬರಂಗಿಲ್ಲ, ಬೀಪ್ ಬೀಪ್ ಬೀಪ್ ಅಂತ ಮೂರ್ ಸಲ ಒದರತೈತಿ. ಹಳೇ ಡಿಡಿಆರ್3 ಸೆಟ್ಟು. ಇದಕ್ಕ ರೊಕ್ಕ ಹಾಕ್ಬೇಕೋ ಬ್ಯಾಡೋ ಹೇಳ್ರಿ.

ಉತ್ತರ: ರೊಕ್ಕ ಆಮೇಲೆ ನೋಡೋಣ ಸಾಹೇಬ್ರೆ, ಮೊದ್ಲು ಒಂದು ಪೆನ್ಸಿಲ್ ಅಳಿಸೋ ರಬ್ಬರ್ ತಗೊಳ್ಳಿ. ಬಯಾಸ್ ಎಎಂಐ ಕಂಪನಿಯದಾದ್ರೆ ಮೂರು ಬೀಪ್ ಅಂದ್ರೆ ಮೆಮೊರಿಯಲ್ಲಿ ತೊಂದರೆ ಅಂತ ಅರ್ಥ. ಅವಾರ್ಡ್ ಬಯಾಸ್ ಆಗಿದ್ರೆ ಉದ್ದುದ್ದ ಬೀಪ್ ಬಿಟ್ಟು ಬಿಟ್ಟು ಬರ್ತಿತ್ತು. ಗೋವಾದ ಸಮುದ್ರದ ಗಾಳಿ, ಅದರ ಮೇಲೆ ಮಳೆಗಾಲ, ಅದರ ಮೇಲೆ ಒಂದು ತಿಂಗಳು ಮಷಿನ್ ಆನೇ ಆಗದೆ ತಣ್ಣಗೆ ಕೂತಿದೆ. ದಿನಾ ಓಡೋ ಮಷಿನ್ ಒಳಗೆ ಬಿಸಿ ಇರತ್ತೆ, ತೇವ ನಿಲ್ಲಲ್ಲ. ಬಂದ್ ಇದ್ದಾಗ ರ‍್ಯಾಮ್‌ನ ಹಳದಿ ಹಲ್ಲುಗಳ ಮೇಲೆ, ಸ್ಲಾಟ್ ಒಳಗೆ ಒಂದು ತೆಳು ಪದರ ಕಟ್ಟತ್ತೆ, ಕಣ್ಣಿಗೂ ಕಾಣಲ್ಲ, ಕಾಂಟ್ಯಾಕ್ಟ್ ಮಾತ್ರ ಹೋಗತ್ತೆ.

ಪ್ಲಗ್ ಗೋಡೆಯಿಂದ ಕಿತ್ತುಬಿಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲದು. ಪವರ್ ಬಟನ್ ನಾಲ್ಕೈದು ಸೆಕೆಂಡ್ ಒತ್ತಿ ಹಿಡೀರಿ, ಒಳಗೆ ಉಳಿದ ಕರೆಂಟ್ ಹೋಗ್ಲಿ. ಕ್ಯಾಬಿನೆಟ್‌ನ ಬಣ್ಣ ಇಲ್ಲದ ಬರೀ ಕಬ್ಬಿಣದ ಜಾಗ ಒಮ್ಮೆ ಮುಟ್ಟಿ, ಮೈಮೇಲಿನ ಸ್ಟ್ಯಾಟಿಕ್ ಇಳಿಯತ್ತೆ. ಸ್ಲಾಟಿನ ಎರಡೂ ಕಡೆ ಬಿಳಿ ಕಿವಿ ಇದೆಯಲ್ಲ, ಅದನ್ನ ಹೊರಗೆ ತಳ್ಳಿದ್ರೆ ಸ್ಟಿಕ್ ಮೇಲೆ ಬರತ್ತೆ. ಅಂಚು ಹಿಡಿದು ಎತ್ತಿ, ಹಲ್ಲಿಗೆ ಬೆರಳು ತಾಗಿಸಬೇಡಿ. ರಬ್ಬರ್‌ನಿಂದ ಹಲ್ಲಿನ ಮೇಲೆ ಮೆತ್ತಗೆ, ಮೇಲಿಂದ ಕೆಳಕ್ಕೆ ಒಂದೇ ದಿಕ್ಕಲ್ಲಿ ಉಜ್ಜಿ, ಎರಡೂ ಬದಿ. ಬಿಳಿ ಮೆತ್ತನೆ ರಬ್ಬರ್ರೇ ಆಗಬೇಕು, ಇಂಕ್ ಅಳಿಸೋ ನೀಲಿ ಒರಟು ತುದಿ ಬಂಗಾರದ ಲೇಪಾನೇ ಕಿತ್ತು ಹಾಕತ್ತೆ. ಪುಡಿ ಒಂದು ಕಣವೂ ಸ್ಲಾಟಿಗೆ ಬೀಳದ ಹಾಗೆ ದೂರ ಹೋಗಿ ಝಾಡಿಸಿ. ಮೆಡಿಕಲ್ ಶಾಪಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಸಿಕ್ಕಿದ್ರೆ ಇನ್ನೂ ಒಳ್ಳೇದು, ಬಟ್ಟೆಗೆ ಹಚ್ಚಿ ಒರೆಸಿ ಆರೋಕೆ ಬಿಡಿ. ಸ್ಲಾಟ್ ಒಳಗೆ ಬ್ರಷ್ ಆಡಿಸಿ, ಬಾಯಿಂದ ಊದಬೇಡಿ, ಉಗುಳು ಹಾರತ್ತೆ, ಅದೂ ತೇವಾನೇ.

ವಾಪಸ್ ಹಾಕೋವಾಗ ಕಚ್ಚು ನೋಡ್ಕೊಂಡು ನೇರವಾಗಿ ಎರಡೂ ತುದಿ ಒತ್ತಿ, ಕಿವಿಗಳು ಟಕ್ ಅಂತ ತಾವಾಗೇ ಮೇಲೆ ಬಂದು ಹಿಡ್ಕೋಬೇಕು. ಒಂದು ಕಡೆ ಟಕ್ ಅಂದು ಇನ್ನೊಂದು ಕಡೆ ಅನ್ನದಿದ್ರೆ ಕೂತಿಲ್ಲ ಅಂತಲೇ ಲೆಕ್ಕ, ಬೀಪ್ ಬರೋದು ಅದಕ್ಕೇ ಎಷ್ಟೋ ಸಲ. ಎರಡು ಸ್ಟಿಕ್ ಇದ್ರೆ ಮೊದಲು ಒಂದೇ ಹಾಕಿ ಹಚ್ಚಿ ನೋಡಿ. ಆದ್ರೂ ಬರ್ಲಿಲ್ಲ ಅಂದ್ರೆ ಬೋರ್ಡ್ ಮೇಲಿನ ಗುಂಡಗಿನ ನಾಣ್ಯದಂಥ ಸೆಲ್ ಇದೆಯಲ್ಲ, ಸಿಆರ್2032, ಪ್ಲಗ್ ಕಿತ್ತಿಟ್ಟು ಅದನ್ನ ತೆಗೆದು ಐದು ನಿಮಿಷ ಬಿಟ್ಟು ಹಾಕಿ, ಬಯಾಸ್ ಸೆಟ್ಟಿಂಗ್ ಎಲ್ಲಾ ಕಂಪನಿಯಿಂದ ಬಂದ ಹಾಗೆ ಆಗತ್ತೆ. ಇಷ್ಟಕ್ಕೂ ಜಗ್ಗದಿದ್ರೆ ಗೆಳೆಯರ ಅಂಗಡಿಯ ಡಿಡಿಆರ್3 ಸ್ಟಿಕ್ ಒಂದನ್ನ ಅರ್ಧ ಗಂಟೆ ಕಡ ತಂದು ಹಾಕಿ ನೋಡಿ. ಡಿಡಿಆರ್4 ತಂದು ಗುದ್ದಬೇಡಿ ಮತ್ತೆ, ಅದರ ಕಚ್ಚು ಬೇರೆ ಜಾಗದಲ್ಲಿದೆ, ಪಿನ್‌ಗಳೂ 240ರ ಬದಲು 288. ಗೆಳೆಯನದು ಹಾಕಿದಾಗ ಓಡಿದ್ರೆ ಸೆಕೆಂಡ್ ಹ್ಯಾಂಡ್ ಡಿಡಿಆರ್3 ತಗೊಳ್ಳಿ. ಅದಕ್ಕೂ ಬೀಪ್ ಅಂದ್ರೆ ಬೋರ್ಡ್ ತಕರಾರು, ಆ ಕಾಲದ ಬೋರ್ಡ್‌ಗೆ ರೊಕ್ಕ ಹಾಕಬ್ಯಾಡ್ರಿ. ಮುಂದಿನ ಮಳೆಗಾಲಕ್ಕೆ ಊರಿಗೆ ಹೋಗೋದಾದ್ರೆ ಯಾರಿಗಾದ್ರೂ ಕೀಲಿ ಕೊಟ್ಟು ವಾರಕ್ಕೊಂದ್ಸಲ ಒಂದು ಗಂಟೆ ಮಷಿನ್ ಹಚ್ಚಿಸಿ.

ಪ್ರಶ್ನೆ: ಪುಣೆ ವಾಕಡ್‌ನಿಂದ. ಹೊಸ ರೈಜೆನ್ ಲ್ಯಾಪ್‌ಟಾಪ್, 16 ಜಿಬಿ ಅಂತ ದುಡ್ಡು ಕೊಟ್ಟೆ, ಸಿಸ್ಟಮ್‌ನಲ್ಲಿ "13.8 ಜಿಬಿ ಯೂಸಬಲ್" ಅಂತ ತೋರಿಸ್ತಿದೆ. ಮೋಸ ಹೋದ್ನಾ?

ಉತ್ತರ: ಇಲ್ಲ. ನಿಮ್ಮ ಲ್ಯಾಪ್‌ಟಾಪಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ನಿಮ್ಮ ರ‍್ಯಾಮ್‌ನಲ್ಲೇ ಸುಮಾರು 2 ಜಿಬಿ ತನ್ನ ಪಾಲಿಗೆ ಎತ್ತಿಟ್ಕೊಂಡಿದೆ ಅಷ್ಟೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಒತ್ತಿದ್ರೆ ಕೆಳಗೆ "ಹಾರ್ಡ್‌ವೇರ್ ರಿಸರ್ವ್ಡ್" ಅಂತ ಆ ಲೆಕ್ಕ ಕಾಣತ್ತೆ. ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ "ಯುಎಂಎ ಫ್ರೇಮ್ ಬಫರ್" ಅಂತ ಇರತ್ತೆ, ಅದನ್ನ 512 ಎಂಬಿಗೆ ಇಳಿಸಬಹುದು, ಗೇಮ್ ಆಡದವರಿಗೆ ಸಾಕು. ಆ ಆಪ್ಷನ್ನೇ ಇಲ್ಲದಿದ್ರೆ ಸುಮ್ನಿರಿ. ಆದ್ರೆ ಇದನ್ನ ಓದ್ತಿರೋ ಡೆಸ್ಕ್‌ಟಾಪ್‌ನವರಿಗೆ ಒಂದು ಮಾತು, 16ರಲ್ಲಿ 8 ಮಾತ್ರ ಯೂಸಬಲ್ ಅಂತ ಬಂದ್ರೆ ಅದು ಗ್ರಾಫಿಕ್ಸ್ ಕಥೆ ಅಲ್ಲ, ಸ್ಟಿಕ್ ಕೂತಿಲ್ಲ ಅನ್ನೋದು ಮೊದಲ ಅನುಮಾನ. ಅದಾದ ಮೇಲೆ ಸಿಸ್ಟಮ್ ಕಾನ್ಫಿಗರೇಷನ್‌ನ ಬೂಟ್ ಟ್ಯಾಬಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ತೆಗೆದು "ಮ್ಯಾಕ್ಸಿಮಮ್ ಮೆಮೊರಿ" ಟಿಕ್ ಆಗಿದ್ಯಾ ನೋಡಿ. ಯಾವುದೋ ವಿಡಿಯೋ ನೋಡಿ ಸ್ಪೀಡ್ ಆಗತ್ತೆ ಅಂತ ಅದನ್ನ ಟಿಕ್ ಮಾಡ್ಕೊಂಡೋರು ಬೇಕಾದಷ್ಟು ಜನ ಇದ್ದಾರೆ. ಅದು ಇರೋ ರ‍್ಯಾಮ್‌ಗೆ ಬೇಲಿ ಹಾಕೋ ಸೆಟ್ಟಿಂಗು, ಸ್ಪೀಡಿಗೂ ಅದಕ್ಕೂ ಸಂಬಂಧ ಇಲ್ಲ, ತೆಗೀರಿ.

ಪ್ರಶ್ನೆ: ಥಾಣೆಯಲ್ಲಿ ಫ್ಲೆಕ್ಸ್, ಲಗ್ನಪತ್ರಿಕೆ ಡಿಸೈನ್ ಮಾಡ್ತೀನಿ ಸರ್. ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ 20 ಅಡಿ ಅಗಲ 10 ಅಡಿ ಎತ್ತರದ ಬ್ಯಾನರ್ ಮಾಡ್ತಾ ಇದ್ರೆ ಫೋಟೋಶಾಪ್ ಒಮ್ಮೆ "ನಾಟ್ ಎನಫ್ ರ‍್ಯಾಮ್" ಅನ್ನತ್ತೆ, ಒಮ್ಮೆ "ಸ್ಕ್ರ್ಯಾಚ್ ಡಿಸ್ಕ್ಸ್ ಆರ್ ಫುಲ್" ಅನ್ನತ್ತೆ. 16 ಜಿಬಿ ಇದೆ. 32 ಮಾಡ್ಸಿದ್ರೆ ಆಗತ್ತಾ?

ಉತ್ತರ: ಎಷ್ಟು ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ) ಇಟ್ಟಿದೀರಿ ಅಂತ ಬರೆದಿಲ್ಲ, ಆದ್ರೆ 300 ಅಂತ ಪಂದ್ಯ ಕಟ್ತೀನಿ, ಲಗ್ನಪತ್ರಿಕೆ ಮಾಡೋ ಕೈ ಅದನ್ನೇ ಇಡೋದು. ಲೆಕ್ಕ ಹಾಕೋಣ ಬನ್ನಿ. 20 ಅಡಿ ಅಂದ್ರೆ 240 ಇಂಚು, 300ರಿಂದ ಗುಣಿಸಿದ್ರೆ 72,000 ಪಿಕ್ಸೆಲ್. ಎತ್ತರ 36,000. ಸಿಎಂವೈಕೆಯಲ್ಲಿ (ಪ್ರಿಂಟಿಂಗ್‌ನ ನಾಲ್ಕು ಬಣ್ಣದ ಲೆಕ್ಕ) ಒಂದೊಂದು ಪಿಕ್ಸೆಲ್‌ಗೆ 4 ಬೈಟ್. ಒಟ್ಟು 1,036 ಕೋಟಿ ಬೈಟ್, ಅಂದ್ರೆ 10 ಜಿಬಿಗಿಂತ ಜಾಸ್ತಿ, ಅದೂ ಒಂದೇ ಒಂದು ಪೂರ್ತಿ ಲೇಯರ್‌ಗೆ! ಅದರ ಮೇಲೆ ಭುವನೇಶ್ವರಿ ಒಂದು ಲೇಯರ್, ಅಧ್ಯಕ್ಷರ ಫೋಟೋ ಒಂದು, ಉಪಾಧ್ಯಕ್ಷರು ಮುನಿಸ್ಕೊಳ್ಳಬಾರದು ಅಂತ ಅವರದ್ದೊಂದು. 32 ಅಲ್ಲ 64 ಹಾಕಿದ್ರೂ ಏದುಸಿರು ಬಿಡತ್ತೆ. ಮಾಮೂಲಿ ಪಿಎಸ್‌ಡಿ ಫೈಲ್ ಯಾವ ಬದಿಗೂ 30,000 ಪಿಕ್ಸೆಲ್ ದಾಟೋ ಹಾಗೇ ಇಲ್ಲ, ಅದಕ್ಕೇ ಸೇವ್ ಮಾಡೋಕೂ ಪಿಎಸ್‌ಬಿ (ದೊಡ್ಡ ಫೈಲ್‌ಗಿರೋ ರೂಪ) ಕೇಳ್ತಿರತ್ತೆ.

ಅಷ್ಟು ದೊಡ್ಡ ಫ್ಲೆಕ್ಸನ್ನ ಜನ ರಸ್ತೆಯ ಆಚೆ ಕಡೆಯಿಂದ ನೋಡೋದು, 72 ಡಿಪಿಐ ಸಾಕು. ಆಗ ಅದೇ ಬ್ಯಾನರ್‌ನ ಒಂದು ಲೇಯರ್ 600 ಎಂಬಿ ಒಳಗೆ ಬರತ್ತೆ. ನಿಮ್ಮ ಪ್ರಿಂಟಿಂಗ್‌ನವರನ್ನ ಒಂದು ಮಾತು ಕೇಳಿ, ಅವರೂ ಇದನ್ನೇ ಹೇಳ್ತಾರೆ. ಅಕ್ಷರಗಳನ್ನ ಫೋಟೋಶಾಪಲ್ಲಿ ಮಾಡದೆ ಕೋರೆಲ್‌ನಲ್ಲಿ ವೆಕ್ಟರ್ ಆಗಿ ಇಟ್ರೆ ಕನ್ನಡದ ಒತ್ತಕ್ಷರಗಳೂ ಚೂಪಾಗಿ ಬರ್ತಾವೆ.

ಇನ್ನು ಸೆಟ್ಟಿಂಗ್. ಎಡಿಟ್, ಪ್ರಿಫರೆನ್ಸಸ್, ಪರ್ಫಾರ್ಮೆನ್ಸ್‌ಗೆ ಹೋದ್ರೆ ಫೋಟೋಶಾಪ್‌ಗೆ ಎಷ್ಟು ರ‍್ಯಾಮ್ ಅನ್ನೋ ಸ್ಲೈಡರ್ ಇದೆ, 70 ಪರ್ಸೆಂಟ್ ಆಸುಪಾಸು ಇರತ್ತೆ. 80ರವರೆಗೆ ತಗೊಂಡು ಹೋಗಿ, ಪೂರ್ತಿ ನೂರಕ್ಕೆ ಎಳೀಬೇಡಿ, ವಿಂಡೋಸ್‌ಗೂ ಉಸಿರಾಡೋಕೆ ಜಾಗ ಬೇಕಲ್ವಾ. ಹಿಸ್ಟರಿ ಸ್ಟೇಟ್ಸ್ (ಎಷ್ಟು ಹೆಜ್ಜೆ ಹಿಂದಕ್ಕೆ ಹೋಗಬಹುದು ಅನ್ನೋದು) 50 ಇದ್ರೆ 20ಕ್ಕೆ ಇಳಿಸಿ. ಸ್ಕ್ರ್ಯಾಚ್ ಡಿಸ್ಕ್ ಅಂದ್ರೆ ರ‍್ಯಾಮ್ ಸಾಲದಾಗ ಫೋಟೋಶಾಪ್ ಡಿಸ್ಕ್ ಮೇಲೆ ಹರಡ್ಕೊಳ್ಳೋ ಜಾಗ, ಅದು ನಿಮ್ಮ ಸಿ ಡ್ರೈವ್‌ನಲ್ಲಿದ್ದು ಸಿ ತುಂಬಿ ತುಳುಕ್ತಿರತ್ತೆ, ಅದಕ್ಕೇ ಎರಡನೇ ಮೆಸೇಜ್. ಬೇರೆ ಎಸ್‌ಎಸ್‌ಡಿ ಇದ್ರೆ ಅದನ್ನ ಟಿಕ್ ಮಾಡಿ. ಫೋಟೋಶಾಪ್ ತೆರೆಯೋದೇ ಇಲ್ಲ ಅನ್ನೋ ಸ್ಥಿತಿಗೆ ಬಂದಿದ್ರೆ ಐಕಾನ್ ಒತ್ತಿದ ಕೂಡ್ಲೇ ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಹಿಡ್ಕೊಳ್ಳಿ, ಸ್ಕ್ರ್ಯಾಚ್ ಡಿಸ್ಕ್ ಆಯ್ಕೆ ಮೊದಲೇ ಬರತ್ತೆ. 32 ಜಿಬಿ ಯೋಚನೆ ಇದೆಲ್ಲ ಆದ ಮೇಲೂ ಬೇಕನ್ನಿಸಿದ್ರೆ.

ಪ್ರಶ್ನೆ: ನಾನು ಅಂಧೇರಿಯ ಗೃಹಿಣಿ. ಮಗ ಮೈನ್‌ಕ್ರಾಫ್ಟ್ ಆಡ್ತಾನೆ, "ಔಟ್ ಆಫ್ ಮೆಮೊರಿ" ಅಂತ ಬರತ್ತಂತೆ, ರ‍್ಯಾಮ್ ಹಾಕ್ಸಿ ಕೊಡು ಅಂತ ಒಂದೇ ಹಠ. ಈಗಾಗ್ಲೇ 16 ಜಿಬಿ ಇದೆ ಅಂತಾರೆ ಇವರು. ಏನು ಮಾಡೋದು?

ಉತ್ತರ: ಅಕ್ಕಾ, ಹಾಕಿಸಬೇಡಿ, 32 ಹಾಕಿಸಿದ್ರೂ ಅದೇ ಮೆಸೇಜ್ ಬರಬಹುದು. ಆ ಗೇಮ್‌ನ ಜಾವಾ ಎಡಿಷನ್‌ಗೆ "ಇಷ್ಟರ ಮೇಲೆ ರ‍್ಯಾಮ್ ಮುಟ್ಟಬೇಡ" ಅಂತ ಒಂದು ಮಿತಿ ಹಾಕಿರತ್ತೆ, ಎಷ್ಟೋ ಕಡೆ ಅದು ಬರೀ 2 ಜಿಬಿ. ಉಳಿದ 14 ಸುಮ್ನೆ ಕೂತಿರತ್ತೆ. ಲಾಂಚರ್‌ನಲ್ಲಿ ಇನ್‌ಸ್ಟಾಲೇಷನ್ಸ್, ಎಡಿಟ್, ಮೋರ್ ಆಪ್ಷನ್ಸ್ ಅಂತ ಹೋದ್ರೆ ಜೆವಿಎಂ ಆರ್ಗ್ಯುಮೆಂಟ್ಸ್ ಅನ್ನೋ ಉದ್ದ ಸಾಲಿದೆ, ಅದರಲ್ಲಿ ಎಕ್ಸ್‌ಎಂಎಕ್ಸ್ (Xmx) ಆದ್ಮೇಲೆ 2ಜಿ ಅಂತಿರೋದನ್ನ 4ಜಿ ಮಾಡಿಸಿ. ಮಾಡ್‌ಗಳನ್ನ (ಆಟಕ್ಕೆ ಹೊರಗಿನಿಂದ ಸೇರಿಸೋ ತುಣುಕುಗಳು) ತುಂಬಾ ಹಾಕ್ಕೊಂಡಿದ್ರೆ 6. ಹನ್ನೆರಡು ಹದಿನಾಲ್ಕು ಕೊಡ್ತೀನಿ ಅಂತ ಹೊರಟ್ರೆ ಬೇಡ ಅನ್ನಿ, ಜಾವಾ ಕಸ ಗುಡಿಸೋಕೆ ನಿಂತಾಗ ಆಟ ತಡೆತಡೆದು ಓಡತ್ತೆ. ಮಗನಿಗೇ ಈ ಪುಟ ಕೊಡಿ, ಅವನೇ ಮಾಡ್ಕೊಳ್ತಾನೆ.

ಪ್ರಶ್ನೆ: ಪುಣೆ ಕಾತ್ರಜ್‌ನಿಂದ. ಕಂಪ್ಯೂಟರ್ ಸುಮ್ನೆ ಇದ್ದಾಗ್ಲೂ ಅರ್ಧ ರ‍್ಯಾಮ್ ಯೂಸ್ ಆಗಿರತ್ತೆ. ರ‍್ಯಾಮ್ ಕ್ಲೀನರ್ ಹಾಕ್ಕೋಬಹುದಾ? ಪೇಜ್‌ಫೈಲ್ ಆಫ್ ಮಾಡಿದ್ರೆ ಫಾಸ್ಟ್ ಆಗತ್ತೆ ಅಂತಾರಲ್ಲ?

ಉತ್ತರ: ಕ್ಲೀನರ್ ಬೇಡ. ವಿಂಡೋಸ್ ಖಾಲಿ ರ‍್ಯಾಮ್‌ನಲ್ಲಿ ನೀವು ದಿನಾ ತೆರೆಯೋ ಪ್ರೋಗ್ರಾಂಗಳನ್ನ ಮೊದಲೇ ತಂದಿಟ್ಕೊಳ್ಳತ್ತೆ, ಬೇರೆಯವರಿಗೆ ಬೇಕಾದಾಗ ಜಾಗ ಬಿಟ್ಕೊಡತ್ತೆ. ಕ್ಲೀನರ್ ಅದನ್ನೆಲ್ಲ ಹೊರಗೆ ದಬ್ಬತ್ತೆ, ಮೀಟರ್‌ನಲ್ಲಿ ನಂಬರ್ ಇಳಿದು ನಿಮಗೆ ಖುಷಿ, ಆಮೇಲೆ ಕ್ರೋಮ್ ತೆರೆದಾಗ ಮತ್ತೆ ಡಿಸ್ಕ್‌ನಿಂದ ಓದ್ಕೊಂಡು ಬರಬೇಕು.

ಪೇಜ್‌ಫೈಲ್ (ರ‍್ಯಾಮ್ ಸಾಲದಾಗ ವಿಂಡೋಸ್ ಡಿಸ್ಕ್ ಮೇಲೆ ಬಳಸೋ ಜಾಗ) ಆಫ್ ಮಾಡೋದಂತೂ ಇನ್ನೂ ಬೇಡ. ರ‍್ಯಾಮ್ ತುಂಬಿದಾಗ ಚೆಲ್ಲೋಕೆ ಜಾಗ ಇಲ್ಲದೆ ಪ್ರೋಗ್ರಾಂಗಳು ದಢಾರ್ ಅಂತ ಬೀಳ್ತಾವೆ, ನೀಲಿ ಪರದೆ ಬಂದಾಗ ಕಾರಣ ಬರೆದಿಡೋ ಡಂಪ್ ಫೈಲೂ ಸರಿಯಾಗಿ ಉಳಿಯಲ್ಲ. ಸ್ಟಾರ್ಟ್‌ನಲ್ಲಿ "ವ್ಯೂ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್" ಹುಡುಕಿ, ಪರ್ಫಾರ್ಮೆನ್ಸ್ ಕೆಳಗಿನ ಸೆಟ್ಟಿಂಗ್ಸ್ ಒತ್ತಿ, ಅಲ್ಲಿ ಅಡ್ವಾನ್ಸ್ಡ್ ಟ್ಯಾಬಲ್ಲಿ ವರ್ಚುವಲ್ ಮೆಮೊರಿಯ ಚೇಂಜ್ ಒತ್ತಿದ್ರೆ ಮೇಲ್ಗಡೆನೇ "ಆಟೋಮ್ಯಾಟಿಕಲಿ ಮ್ಯಾನೇಜ್" ಅಂತ ಇದೆ, ಅದು ಟಿಕ್ ಆಗಿರಲಿ. ಅದು ಟಿಕ್ ಇದ್ದೂ "ಲೋ ಆನ್ ಮೆಮೊರಿ" ಅಂತ ಬರ್ತಿದ್ರೆ ಮೊದಲು ಸಿ ಡ್ರೈವ್‌ನಲ್ಲಿ ಎಷ್ಟು ಜಾಗ ಉಳಿದಿದೆ ನೋಡಿ, ಆಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಕಾಲಂ ಮೇಲೆ ಕ್ಲಿಕ್ ಮಾಡಿ ಯಾರು ಜಾಸ್ತಿ ತಿಂತಿದ್ದಾರೆ ಅಂತ ನೋಡಿ. ಹೆಚ್ಚಾಗಿ ಬ್ರೌಸರ್‌ನಲ್ಲಿ ತೆರೆದಿಟ್ಟು ಮರೆತುಬಿಟ್ಟಿರೋ ಟ್ಯಾಬ್‌ಗಳೇ ಸಿಗ್ತಾವೆ.